ಚಾರ್ಟಕ್ಕನ ಇಪ್ಪತ್ತಾರು ದಿನ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಯಂತ್ರಗಳು ಏಳು. ಯಾವ ಯಂತ್ರದಲ್ಲಿ ಯಾವ ದಿನ ಯಾವ ಬಣ್ಣ ಓಡಬೇಕು ಎಂದು ತೀರ್ಮಾನಿಸುವವಳು ಒಬ್ಬಳು. ಅವಳ ಕುರ್ಚಿಯ ಹಿಂದಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಹಲಗೆಯೊಂದನ್ನು ಹೊಡೆದಿದ್ದರು. ಅದರ ತುಂಬ ಬಣ್ಣಬಣ್ಣದ ಕಾರ್ಡುಗಳು. ಬೆಳಗ್ಗೆ ಪಾಳಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಆ ಹಲಗೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಹೀಗಾಗಿ ಅವಳಿಗೆ ಚಾರ್ಟಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ.

ಹಲಗೆಯ ಕಾನೂನು ಒಂದೇ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಬಿಳಿ ಆದಮೇಲೆ ಕೆನೆ, ಕೆನೆಯ ನಂತರ ಹಳದಿ, ಆಮೇಲೆ ಕೆಂಪು, ನೀಲಿ, ಕಟ್ಟಕಡೆಗೆ ಕಪ್ಪು. ಕಪ್ಪು ಓಡಿದ ಯಂತ್ರಕ್ಕೆ ಮತ್ತೆ ಬಿಳಿ ಹಾಕಬೇಕೆಂದರೆ ಅದನ್ನು ಸೋಡಾ ಹಾಕಿ ಕುದಿಸಿ ತೊಳೆಯಬೇಕು, ಅದಕ್ಕೆ ನಾಲ್ಕು ಗಂಟೆ ದಂಡ. ತೊಳೆಯುವುದು ಕಡಿಮೆ ಆದಷ್ಟೂ ಚಾರ್ಟು ಒಳ್ಳೆಯದು. ಒಂದು ಜಾತಿಯ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸು, ಮಧ್ಯೆ ಬೇರೆಯದನ್ನು ತೂರಿಸಬೇಡ. ಆರು ವರ್ಷಗಳಲ್ಲಿ ಈ ಮಾತು ಅವಳ ಮೂಳೆಗೆ ಇಳಿದಿತ್ತು. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಹಾಲಿನ ಲೋಟ ಮೊದಲು, ಸೀದ ಬಾಣಲೆ ಕೊನೆಗೆ.

ಅದಕ್ಕೂ ಹಿಂದಿನ ಐದು ವರ್ಷ ಅವಳು ತೂಕದ ಕೋಣೆಯಲ್ಲಿದ್ದಳು. ಡಬ್ಬಗಳಿಂದ ಬಣ್ಣದ ಪುಡಿಯನ್ನು ಸಟ್ಟುಗದಲ್ಲಿ ತೋಡಿ, ತಕ್ಕಡಿಗೆ ಹಾಕಿ, ಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವ ಕೆಲಸ. ಗಾಳಿಯಲ್ಲಿ ತೇಲುವ ಪುಡಿ ಕಣ್ಣಿಗೆ ಕಾಣುವುದಿಲ್ಲ, ನೀರು ತಾಗಿದಾಗಲೇ ಅದರ ಬಣ್ಣ ಬಯಲಾಗುವುದು. ಆ ಕೋಣೆಯವರು ಮೂಗು ಒರೆಸಿಕೊಂಡರೆ ಅವತ್ತು ಯಾವ ಆರ್ಡರ್ ಹೋಗಿದೆ ಎಂಬುದು ಕರವಸ್ತ್ರದಲ್ಲಿ ಕಾಣುತ್ತದೆ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಐದನೆಯ ವರ್ಷ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಎದೆಗೆ ಕೊಳವೆ ಇಟ್ಟು ನೋಡಿದ ಡಾಕ್ಟರು, "ಆ ಕೋಣೆಗೆ ಇನ್ನೊಂದು ಸಲ ಕಾಲಿಡಬೇಡಿ. ಮುಂದಿನ ಸಲ ಈ ಉಸಿರು ವಾಪಸ್ ಬರುತ್ತೆ ಅಂತ ನಾನು ಬರೆದುಕೊಡಲ್ಲ" ಎಂದರು. ಕೋಣೆ ಬಿಡಬೇಕೆಂದು ಅವರು ಬರೆದ ಚೀಟಿಯನ್ನು ಅವಳು ಕಾರ್ಖಾನೆಗೆ ತೋರಿಸಲಿಲ್ಲ. ಅಂಥ ಚೀಟಿ ತೋರಿಸಿದ ಇಬ್ಬರನ್ನು ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿದ್ದನ್ನು ಕಂಡಿದ್ದಳು. ಅದೃಷ್ಟಕ್ಕೆ ಚಾರ್ಟಿನ ಮೇಜು ಆ ತಿಂಗಳೇ ಖಾಲಿಯಾಯಿತು. ಅವಳಲ್ಲಿ ಅಂಚೆಯ ಮೂಲಕ ಓದಿ ಪಡೆದ ಪದವಿ ಇತ್ತು. ಆ ಕುರ್ಚಿಯಲ್ಲಿ ಕುಳಿತಳು, ಉಸಿರಾಡಿದಳು.

ಮಾಲೀಕರು ಅವಳನ್ನು ಕರೆಸಿದ್ದು ಒಂದು ಮಂಗಳವಾರ.

"ಕೂತ್ಕೊಳಮ್ಮ" ಎಂದರು. ಕೂರಲು ಹೇಳಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂಬುದು ಇಡೀ ಕಾರ್ಖಾನೆಗೆ ಗೊತ್ತಿತ್ತು. "ಹೊಸ ಗಿರಾಕಿಗಳು ಬರ್ತಿದಾರೆ. ದೊಡ್ಡ ಜನ. ಪ್ಲಾನಿಂಗ್ ನೋಡೋರು ಮ್ಯಾನೇಜ್‌ಮೆಂಟ್ ಓದಿರಬೇಕಂತೆ, ಇಲ್ಲ ಓದ್ತಾ ಇರಬೇಕಂತೆ. ಅವರ ಫಾರಂನಲ್ಲಿ ಅದಕ್ಕೊಂದು ಖಾನೆನೇ ಇದೆ. ನಾನೇನು ಮಾಡ್ಲಿ?"

"ನಾನೇ ಮಾಡ್ತಿದೀನಲ್ಲ ಸರ್, ಆರು ವರ್ಷದಿಂದ."

"ಮಾಡ್ತಿದೀರಿ. ಆ ಖಾನೇಲಿ ಹಾಗಂತ ಬರೆಯೋಕಾಗಲ್ವಲ್ಲ. ನಮ್ಮಣ್ಣನ ಮಗನ ಹತ್ರ ಡಿಗ್ರಿ ಇದೆ, ಅವನನ್ನ ಕೂರಿಸ್ತೀನಿ. ನೀವು ಮತ್ತೆ ತೂಕದ ಕೋಣೆ ನೋಡ್ಕೊಳಿ. ಅಲ್ಲಿ ನಿಮ್ಮ ಕೈ ಎಷ್ಟು ಚೆನ್ನಾಗಿತ್ತು, ಒಂದು ಗ್ರಾಂ ಆಚೀಚೆ ಆಗ್ತಿರಲಿಲ್ಲ."

ಅವಳಿಗೆ ಎದೆ ಬಿಗಿಯಿತು. ಇನ್ನೂ ಪುಡಿಯ ವಾಸನೆ ಕೂಡ ಬಡಿದಿರಲಿಲ್ಲ.

"ನಾನು ಓದ್ತಾ ಇದ್ರೆ?"

ಮಾಲೀಕರು ಪೆನ್ನು ಕೆಳಗಿಟ್ಟರು. ಊರಿನ ಬಿಸಿನೆಸ್ ಸ್ಕೂಲಿನಲ್ಲಿ ಕೆಲಸದಲ್ಲಿರುವವರಿಗೆಂದೇ ಶನಿವಾರ-ಭಾನುವಾರದ ಕೋರ್ಸ್ ಇತ್ತು. ಸೇರಲು ಪ್ರವೇಶ ಪರೀಕ್ಷೆ. "ಸೀಟು ಸಿಕ್ಕಿದ ಕಾಗದ ತಂದುಕೊಡಿ, ಕುರ್ಚಿ ನಿಮ್ಮದೇ. ನನಗೂ ಒಳ್ಳೇದೇ. ಆದ್ರೆ ಪರೀಕ್ಷೆ ಯಾವಾಗ ಅಂತ ನೋಡ್ಕೊಂಡ್ರಾ?"

ನೋಡಿಕೊಂಡಳು. ಅರ್ಜಿಗೆ ಅಂದೇ ಕೊನೆಯ ದಿನ, ಹಾಕಿಬಿಟ್ಟಳು. ಪರೀಕ್ಷೆ ಇಪ್ಪತ್ತಾರನೆಯ ದಿನ, ಭಾನುವಾರ. ಅದು ತಪ್ಪಿದರೆ ಮುಂದಿನದು ಒಂದು ವರ್ಷದ ಮೇಲೆ.

ಪ್ರಶ್ನೆಪತ್ರಿಕೆಯಲ್ಲಿ ಮೂರು ಭಾಗ. ಉದ್ದುದ್ದ ಬರಹ ಓದಿ ಉತ್ತರಿಸುವುದು ಒಂದು, ಕೋಷ್ಟಕ ನೋಡಿ ತರ್ಕಿಸುವುದು ಇನ್ನೊಂದು, ಗಣಿತ ಮೂರನೆಯದು. ಪ್ರತಿ ಭಾಗಕ್ಕೂ ಅರವತ್ತು ಅಂಕ, ಪ್ರತಿ ಭಾಗದಲ್ಲೂ ಮೂವತ್ತು ಬಂದರೆ ಮಾತ್ರ ಸೀಟು. ಎರಡರಲ್ಲಿ ಬೆಟ್ಟ ಕಡಿದು ಮೂರನೆಯದರಲ್ಲಿ ಇಪ್ಪತ್ತೊಂಬತ್ತಕ್ಕೆ ನಿಂತರೆ ಮೂರೂ ನೀರುಪಾಲು.

ಮರುದಿನ ಸಂಜೆ ಅವಳು ಹಳೆಯ ಪುಸ್ತಕದ ಅಂಗಡಿಯಿಂದ ಮೂರು ದಪ್ಪ ಪುಸ್ತಕ ತಂದಳು. ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಎಳೆಯತೊಡಗಿದಳು. ಗಂಡ ಲಿಫ್ಟ್ ರಿಪೇರಿಯವನು, ಮಾತು ಕಡಿಮೆ. ಅವನು ಸ್ಕೇಲು ಹಿಡಿದುಕೊಂಡ. ಅತ್ತೆ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದ್ರೆ ಇದೇ ಕಣೇ" ಎಂದರು ಅತ್ತೆ. "ತೋಡೋದೂ ಅಲ್ಲ, ಬಾವಿದು ಚಿತ್ರ ಬರೀತಿದೀಯ."

"ಚಿತ್ರ ಸರಿ ಇದ್ರೆ ನೀರು ಸಿಗುತ್ತೆ ಅತ್ತೆ."

ಚಿತ್ರ ಅಚ್ಚುಕಟ್ಟಾಗಿತ್ತು. ಅವಳಿಗೆ ಓದುವುದು ಸಲೀಸು, ಅದು ತಿಳಿ ಬಣ್ಣ, ಮೊದಲ ಏಳು ದಿನ ಅದಕ್ಕೆ. ಕೋಷ್ಟಕ ದಿನಾ ಕೈಯಾಡಿಸುವ ಕೆಲಸ, ಅದಕ್ಕೆ ಆರು ದಿನ. ಗಣಿತ ಕಡುಗಪ್ಪು, ಅದಕ್ಕೆ ಹತ್ತು. ಕೊನೆಯ ಎರಡು ದಿನ ಪೂರ್ತಿ ಪರೀಕ್ಷೆ ಬರೆದು ನೋಡುವುದಕ್ಕೆ. ಒಂದು ಓಡುವಾಗ ಇನ್ನೊಂದನ್ನು ಮುಟ್ಟುವಂತಿಲ್ಲ. ಆ ಕ್ಯಾಲೆಂಡರು ನೋಡಿದ ಯಾವ ಕಾರ್ಖಾನೆಯವನಾದರೂ ತಲೆದೂಗುತ್ತಿದ್ದ.

ಬೆಳಗ್ಗೆ ಐದಕ್ಕೆ ಏಳುವಳು. ಬಸ್ಸಿನಲ್ಲಿ ಕಂಬಿಗೆ ತೋಳು ಸುತ್ತಿ ಪುಸ್ತಕ ಹಿಡಿಯುವಳು. ಊಟದ ಬಿಡುವಿನಲ್ಲಿ ಇನ್ನೂ ಬಣ್ಣ ಕಾಣದ ಕೋರಾ ಬಟ್ಟೆಯ ಗೋದಾಮಿಗೆ ಹೋಗಿ ಸುರುಳಿಗಳ ನಡುವೆ ಕೂರುವಳು, ಅಲ್ಲಿ ಯಂತ್ರದ ಗದ್ದಲ ಅಷ್ಟು ಕೇಳದು. ಏಳನೆಯ ದಿನ ಓದಿನ ಭಾಗವನ್ನು ಗಡಿಯಾರ ಇಟ್ಟು ಬರೆದಾಗ ನಲವತ್ತೊಂದು ಬಂತು. ಆ ಖಾನೆಗೆ ಅಡ್ಡಗೀಟು ಎಳೆದು ಪುಸ್ತಕವನ್ನು ಕಪಾಟಿನ ಮೇಲೆ ಹಾಕಿದಳು. ಹದಿಮೂರನೆಯ ದಿನ ಕೋಷ್ಟಕದಲ್ಲಿ ನಲವತ್ತಾರು. ಅದೂ ಕಪಾಟಿಗೆ.

ಗಣಿತ ಅವಳನ್ನು ಹಿಂಡಿತು. ಶಾಲೆ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಎರಡು ಕೊಳಾಯಿ ತುಂಬಿಸುವ, ಒಂದು ಖಾಲಿ ಮಾಡುವ ತೊಟ್ಟಿಯ ಲೆಕ್ಕದ ಮುಂದೆ ಬಸ್ಸಿನಲ್ಲೇ ಕಣ್ಣು ಮಂಜಾಗುತ್ತಿತ್ತು. ಕಾರ್ಖಾನೆಯ ತೊಟ್ಟಿ ಯಾವಾಗ ತುಂಬುತ್ತದೆಂದು ಶಬ್ದದಲ್ಲೇ ಹೇಳಬಲ್ಲವಳಿಗೆ ಕಾಗದದ ತೊಟ್ಟಿ ತುಂಬಲೊಲ್ಲದು.

ಒಂದು ಮಧ್ಯಾಹ್ನ ಡೈಯಿಂಗ್ ಮಾಸ್ಟರು ಗೋದಾಮಿಗೆ ಇಣುಕಿದರು. ಏಳೂ ಯಂತ್ರಗಳಲ್ಲಿ ಬಣ್ಣ ಹಾಕಿಸುವ ಮೇಸ್ತ್ರಿ, ನಿವೃತ್ತಿಗೆ ಎರಡು ವರ್ಷ ಬಾಕಿ, ಉಗುರುಗಳು ಯಾವತ್ತೂ ನೀಲಿ.

"ಚಾರ್ಟಕ್ಕ, ಮೂರೂ ಸೇರಿಸಿ ಒಂದು ಸಲ ಬರೆದು ನೋಡಬಾರದಾ?"

"ಕಪ್ಪು ಓಡ್ತಿರೋವಾಗ ಮಧ್ಯೆ ಬಿಳಿ ಹಾಕ್ತೀರಾ ಮಾಸ್ಟ್ರೇ?"

"ಹಾಕಿದ್ರೆ ನೀವು ನನ್ನ ಚರ್ಮ ಸುಲೀತೀರಿ."

"ಮತ್ತೆ?"

ಮಾಸ್ಟರು ತಲೆ ಕೆರೆದುಕೊಂಡು ಹೋದರು.

ಇಪ್ಪತ್ನಾಲ್ಕನೆಯ ದಿನ ಶುಕ್ರವಾರ. ಎರಡು ದಿನದ ರಜೆ ಹಾಕಿದ್ದಳು. ಬೆಳಗ್ಗೆ ಹತ್ತಕ್ಕೆ ಅತ್ತೆಯನ್ನು ಪಕ್ಕದ ಮನೆಗೆ ಕಳಿಸಿ, ಕಿಟಕಿ ಮುಚ್ಚಿ, ಫೋನಿನಲ್ಲಿ ಗಂಟೆ ಇಟ್ಟು ಮೂರೂ ಭಾಗಗಳನ್ನು ಒಂದೇ ಉಸಿರಿಗೆ ಬರೆದಳು. ಪುಸ್ತಕದ ಹಿಂದಿನ ಉತ್ತರಗಳ ಜೊತೆ ಹೋಲಿಸಿದಳು. ಗಣಿತ ಮೂವತ್ತೆಂಟು. ಕೋಷ್ಟಕ ಮೂವತ್ತೈದು. ಓದು ಇಪ್ಪತ್ನಾಲ್ಕು.

ತಪ್ಪು ಎಣಿಸಿದೆನೆಂದು ಮತ್ತೆ ಎಣಿಸಿದಳು. ಇಪ್ಪತ್ನಾಲ್ಕೇ.

ಹದಿನೇಳು ದಿನ ಮುಟ್ಟದ ಓದು ಕೈಬಿಟ್ಟು ಹೋಗಿತ್ತು. ಎರಡು ಪ್ಯಾರಾ ಓದುವಷ್ಟರಲ್ಲಿ ಮೊದಲ ಪ್ಯಾರಾ ಮರೆತಿತ್ತು, ಮನಸ್ಸು ಸಾಲುಗಳ ನಡುವೆ ಅಂಕಿ ಹುಡುಕುತ್ತಿತ್ತು. ಯಾವುದು ಸಲೀಸೆಂದು ಮೊದಲೇ ಮುಗಿಸಿಟ್ಟಿದ್ದಳೋ ಅದೇ ಈಗ ಅವಳನ್ನು ಮುಳುಗಿಸುತ್ತಿತ್ತು. ಬಣ್ಣ ಹಾಕಿದ ಬಟ್ಟೆಯನ್ನು ಗೋದಾಮಿನಲ್ಲಿಟ್ಟರೆ ಹದಿನೇಳು ದಿನದ ಮೇಲೂ ಅದೇ ಬಣ್ಣ ಇರುತ್ತದೆ. ತಲೆ ಗೋದಾಮಲ್ಲ ಎಂಬುದು ಅವಳ ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ. ಇನ್ನುಳಿದದ್ದು ಒಂದೂವರೆ ದಿನ.

ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತಳು. ಅಳು ಬರಲಿಲ್ಲ. ತೂಕದ ಕೋಣೆಯ ಬಾಗಿಲು ಕಣ್ಣ ಮುಂದೆ ಬಂತು, ಅದರ ಹಿಡಿಗೆ ಮೆತ್ತಿದ್ದ ಕಿತ್ತಳೆ ಪುಡಿ ಬಂತು. ಹೋಗಲ್ಲ ಎಂದರೆ ಕೆಲಸ ಹೋಗುತ್ತದೆ. ಹೋಗುತ್ತೇನೆ ಎಂದರೆ ಉಸಿರು. ಅತ್ತೆ ವಾಪಸು ಬಂದಾಗಲೂ ಅವಳು ಅಲ್ಲೇ ಇದ್ದಳು.

"ಏನೇ, ಹೀಗೆ ಕೂತಿದೀಯ? ಒಲೆ ಹಚ್ಚಿಲ್ವಾ?"

"ಮುಗೀತು ಅತ್ತೆ."

ಸದಾ ಏನಾದರೊಂದು ಕುಟುಕುವ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟರು.

ಬಾಗಿಲು ಬಡಿದವರು ಮಾಸ್ಟರು. ತುರ್ತಾಗಿ ಕೆನೆ ಬಣ್ಣದ ಆರ್ಡರ್ ಬಂದಿತ್ತು, ಯಾವ ಯಂತ್ರದಲ್ಲಿ ತೂರಿಸುವುದೆಂದು ತಿಳಿಯದೆ, ಅವಳ ಫೋನೂ ಸಿಗದೆ ಬಸ್ಸು ಹತ್ತಿ ಬಂದಿದ್ದರು. ಅವಳು ಕುಳಿತಲ್ಲಿಂದಲೇ ಹೇಳಿದಳು, "ಆರನೇ ಯಂತ್ರಕ್ಕೆ ಹಳದಿ ಇನ್ನೂ ಹತ್ತಿಲ್ಲ, ಅದಕ್ಕೆ ಮೊದಲು ಹಾಕಿ." ಆಮೇಲೆ ಅಂಕದ ಹಾಳೆಯನ್ನು ಅವರ ಕಡೆ ತಳ್ಳಿದಳು. ಮಾಸ್ಟರು ಹಾಳೆ ನೋಡಿದರು, ಕ್ಯಾಲೆಂಡರ್ ನೋಡಿದರು. ಅರ್ಧ ಚಹಾ ಕುಡಿದು ಲೋಟ ಕೆಳಗಿಟ್ಟರು.

"ಚಾರ್ಟೇನೋ ಚೆನ್ನಾಗಿದೆ" ಎಂದರು. "ಯಂತ್ರಕ್ಕೆ ಮಾಡಿದೀರಿ, ಅಷ್ಟೇ. ನಮ್ಮ ಲ್ಯಾಬ್‌ನಲ್ಲಿ ಆ ಸಣ್ಣ ಡಬ್ಬಿಗಳು ಇದಾವಲ್ಲ?"

ಅವಳಿಗೆ ಗೊತ್ತಿತ್ತು. ದೊಡ್ಡ ಯಂತ್ರಕ್ಕೆ ಹಾಕುವ ಮೊದಲು ಪ್ರತಿ ಬಣ್ಣವನ್ನೂ ಅಂಗೈಯಷ್ಟು ಬಟ್ಟೆಯ ಮೇಲೆ ಪರೀಕ್ಷಿಸುತ್ತಾರೆ. ಮುಚ್ಚಳ ಬಿಗಿದ ಹನ್ನೆರಡು ಸ್ಟೀಲ್ ಡಬ್ಬಿಗಳು ಒಂದೇ ಚಕ್ರಕ್ಕೆ ಸಿಕ್ಕಿಕೊಂಡು ಸುತ್ತುತ್ತವೆ.

"ಅಲ್ಲಿ ಕಪ್ಪಿನ ಪಕ್ಕದಲ್ಲೇ ಬಿಳಿ ಸುತ್ತುತ್ತೆ. ಯಾವತ್ತಾದ್ರೂ ಕಲೆ ಆಗಿದ್ಯಾ? ಸ್ವಲ್ಪ ಸ್ವಲ್ಪ, ಬೇರೆ ಬೇರೆ, ಎಲ್ಲಾ ಒಟ್ಟಿಗೆ. ತೊಳೆಯೋ ಗೋಜೇ ಇಲ್ಲ."

"ಇದನ್ನ ಮೊದಲೇ ಹೇಳಬಾರದಿತ್ತಾ ಮಾಸ್ಟ್ರೇ?"

"ಹೇಳೋಕೆ ಬಂದಿದ್ದೆ. ಕಪ್ಪಿನ ಮಧ್ಯೆ ಬಿಳಿ ಹಾಕ್ತೀರಾ ಅಂದ್ರಿ."

ಆ ಮಧ್ಯಾಹ್ನ ಅವಳು ಮೂರೂ ಪುಸ್ತಕಗಳ ಪುಟ ಕತ್ತರಿಸಿದಳು. ಒಂದೊಂದು ಪ್ರಶ್ನೆಗೆ ಒಂದೊಂದು ಚೀಟಿ, ಒಂದೊಂದು ಬರಹಕ್ಕೆ ಮಡಚಿದ ಒಂದು ಹಾಳೆ. ಎಲ್ಲವನ್ನೂ ನೀರಿನ ಬಿಂದಿಗೆಗೆ ತುಂಬಿದಳು. ಅತ್ತೆ ಕಣ್ಣು ಮುಚ್ಚಿ ಕೈ ಹಾಕಿ ಒಂದು ತೆಗೆಯುವರು, ಗಂಡ ಫೋನಿನಲ್ಲಿ ನಿಮಿಷ ಎಣಿಸುವನು.

"ಕಪ್ಪೋ ಬಿಳುಪೋ ನಂಗೇನು ಗೊತ್ತು, ಹಿಡ್ಕೋ" ಎಂದು ಅತ್ತೆ ಚೀಟಿ ಚಾಚುವರು. ಅವಳು ತಡವರಿಸಿದರೆ, "ನನ್ನ ಕೈ ನೋಯ್ತಾ ಇದೆ, ನಿನ್ನ ತಲೆ ಯಾಕೆ ನಿಂತಿದೆ?" ಎನ್ನುವರು. ಮೊದಲ ಇಪ್ಪತ್ತು ಚೀಟಿಗಳಲ್ಲಿ ಹನ್ನೆರಡು ತಪ್ಪು. ಗಣಿತದಿಂದ ಬರಹಕ್ಕೆ ಹೊರಳುವಾಗ ತಲೆಯೊಳಗೆ ಏನೋ ಕಿರ್ ಎನ್ನುತ್ತಿತ್ತು. ಶನಿವಾರ ಸಂಜೆಗೆ ಇಪ್ಪತ್ತರಲ್ಲಿ ಒಂಬತ್ತು ತಪ್ಪು. ಅದು ಮೂವತ್ತರ ಗೆರೆಯ ಯಾವ ಕಡೆಗೆ ಬೀಳುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಗಂಡ ಅಂದು ಹೇಳಿದ್ದು ಒಂದೇ ಮಾತು. "ಹಗ್ಗ ಸವೆದಿದ್ರೂ ಲಿಫ್ಟು ಒಂದ್ಸಲ ಮೇಲೆ ಹೋಗೇ ಹೋಗುತ್ತೆ." ಅದು ಧೈರ್ಯದ ಮಾತೋ ಹೆದರಿಕೆಯ ಮಾತೋ ಅವಳಿಗೆ ತಿಳಿಯಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರುಗಳು. ಸುತ್ತ ಕುಳಿತವರಲ್ಲಿ ಹೆಚ್ಚಿನವರು ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. ಭಾಗಗಳ ಕ್ರಮವನ್ನು ಯಂತ್ರವೇ ಒಬ್ಬೊಬ್ಬರಿಗೆ ಒಂದೊಂದು ಥರ ಕೊಡುತ್ತಿತ್ತು. ಅವಳ ಪರದೆಯ ಮೇಲೆ ಮೊದಲು ಗಣಿತ, ಅದರ ಬೆನ್ನಿಗೇ ಓದು. ಕಪ್ಪಾದ ಮೇಲೆ ಬಿಳಿ, ನಡುವೆ ತೊಳೆಯಲು ಒಂದು ನಿಮಿಷವೂ ಇಲ್ಲ. ಅವಳಿಗೆ ನಗು ಬಂದಂತಾಯಿತು. ಓದಿನ ಮೂರನೆಯ ಬರಹದ ಹೊತ್ತಿಗೆ ಎದೆ ಸಿಳ್ಳೆ ಹಾಕತೊಡಗಿತು. ಉಸಿರಿನ ಔಷಧಿ ಹೊರಗೆ ಚೀಲದಲ್ಲಿತ್ತು. ಎದ್ದು ಹೋದರೆ ನಾಲ್ಕು ನಿಮಿಷ. ಎದ್ದು ಹೋಗಲಿಲ್ಲ. ಬಾಯಿ ತೆರೆದು ಸಣ್ಣ ಸಣ್ಣದಾಗಿ ಉಸಿರೆಳೆಯುತ್ತ ಓದಿದಳು. ಕೊನೆಯ ಐದು ಪ್ರಶ್ನೆ ಮುಟ್ಟುವ ಮೊದಲೇ ಪರದೆ ತಾನಾಗಿ ಮುಂದಿನ ಭಾಗಕ್ಕೆ ಹೊರಳಿತು.

ಫಲಿತಾಂಶ ಹನ್ನೊಂದು ದಿನಗಳ ನಂತರ, ಹೊಸ ತಿಂಗಳ ಮೂರನೆಯ ತಾರೀಖು. ಗಿರಾಕಿಗಳು ಬಂದದ್ದು ಒಂದನೆಯ ತಾರೀಖು. ಆ ಬೆಳಗ್ಗೆ ಚಾರ್ಟಿನ ಕುರ್ಚಿಯಲ್ಲಿ ಮಾಲೀಕರ ಅಣ್ಣನ ಮಗ ಇದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಎದ್ದು ನಿಂತು, "ಸಾರಿ ಆಂಟಿ, ಚಿಕ್ಕಪ್ಪ ಹೇಳಿದ್ರು" ಎಂದ. ಒಳ್ಳೆಯ ಹುಡುಗನೇ. "ಫಲಿತಾಂಶ ಬರೋವರೆಗೆ ಅಷ್ಟೇನಮ್ಮ" ಎಂದರು ಮಾಲೀಕರು. ತೂಕದ ಕೋಣೆಯ ಏಪ್ರನ್ ಅವಳ ಕೈಗೆ ಬಂತು.

ಬದಲಾದದ್ದು ಏನೂ ಇರಲಿಲ್ಲ. ಎರಡು ಫ್ಯಾನುಗಳಲ್ಲಿ ಒಂದು ಅಂದಿನಂತೆಯೇ ಕೆಟ್ಟಿತ್ತು. ಎರಡು ಮುಖವಸ್ತ್ರಗಳನ್ನು ಒಂದರ ಮೇಲೊಂದು ಕಟ್ಟಿಕೊಂಡಳು. ಮೊದಲ ದಿನ ಸಂಜೆ ಬಸ್ ನಿಲ್ದಾಣಕ್ಕೆ ನಡೆಯುವಾಗ ಮೂರು ಕಡೆ ನಿಂತಳು. ಎರಡನೆಯ ದಿನ ಏಳು ಕಡೆ. ಮನೆಯಲ್ಲಿ ಕರವಸ್ತ್ರವನ್ನು ತಾನೇ ಒಗೆದುಕೊಂಡಳು, ಅತ್ತೆಯ ಕೈಗೆ ಸಿಗಬಾರದೆಂದು. ಅತ್ತೆ ಅದನ್ನು ಹಗ್ಗದ ಮೇಲೆ ನೋಡಿದರು. ಅಂಚಿನಲ್ಲಿ ನೀಲಿ ಉಳಿದಿತ್ತು.

"ನಾಳೆ ಹೋಗಬೇಡ" ಎಂದರು ಅತ್ತೆ.

"ನಾಳೆ ಒಂದು ದಿನ ಅತ್ತೆ. ನಾಳೆ ಗೊತ್ತಾಗುತ್ತೆ."

"ಗೊತ್ತಾಗೋಕೆ ನೀನಿರಬೇಕಲ್ಲ."

ಹೋದಳು. ತೂಕದ ಕೋಣೆಗೆ ಫೋನು ಒಯ್ಯುವಂತಿಲ್ಲ, ಪುಡಿ ಸೇರಿಕೊಳ್ಳುತ್ತದೆ. ಪರೀಕ್ಷೆಯ ನೋಂದಣಿ ಸಂಖ್ಯೆಯನ್ನು ಮಾಸ್ಟರಿಗೆ ಬರೆದುಕೊಟ್ಟಿದ್ದಳು. ಕೋಣೆಗೂ ಲ್ಯಾಬಿಗೂ ನಡುವೆ ಗಾಜಿನ ಕಿಟಕಿ ಇತ್ತು.

ಯಂತ್ರಗಳ ಗದ್ದಲದಲ್ಲಿ ಕೂಗಿದರೂ ಕೇಳದ ಕಾರಣ ಆ ಕಾರ್ಖಾನೆಯಲ್ಲಿ ಅಂಕಿಗಳನ್ನು ಕೈಸನ್ನೆಯಲ್ಲೇ ಹೇಳುತ್ತಿದ್ದರು. ಮೊದಲು ಹತ್ತರ ಬೆರಳು, ಆಮೇಲೆ ಬಿಡಿಯ ಬೆರಳು, ಸೊನ್ನೆಗೆ ಬಿಗಿದ ಮುಷ್ಟಿ. ಅಲ್ಲಿ ಒಂದು ವಾರ ಕೆಲಸ ಮಾಡಿದವರಿಗೆ ಅದು ಬರುತ್ತಿತ್ತು.

ಮಧ್ಯಾಹ್ನ ಹನ್ನೆರಡೂಕಾಲಿಗೆ ಮಾಸ್ಟರು ಗಾಜಿನ ಆಚೆ ಬಂದು ನಿಂತರು. ಅವಳ ತಕ್ಕಡಿಯಲ್ಲಿ ಕಪ್ಪು, ಆರುನೂರ ನಲವತ್ತು ಗ್ರಾಂ ಬೇಕಿತ್ತು, ನಾನೂರ ಹತ್ತು ಬಿದ್ದಿತ್ತು. ಮಾಸ್ಟರು ಗಾಳಿಯಲ್ಲಿ ಗುಣಾಕಾರದ ಗುರುತು ಬರೆದರು. ಗಣಿತ. ಮೂರು ಬೆರಳು, ಆಮೇಲೆ ಆರು. ಗಾಳಿಯಲ್ಲಿ ಚೌಕ ಎಳೆದರು. ಕೋಷ್ಟಕ. ನಾಲ್ಕು, ಆಮೇಲೆ ಒಂದು. ಎರಡು ಅಂಗೈ ಜೋಡಿಸಿ ಪುಸ್ತಕದಂತೆ ತೆರೆದರು. ಓದು.

ಮೂರು ಬೆರಳು ಎತ್ತಿದರು.

ಎತ್ತಿದ್ದು ಎರಡು ಬೆರಳಲ್ಲ, ಅಂದರೆ ಇಪ್ಪತ್ತರ ಸಾಲಲ್ಲ ಎಂಬುದು ಅವಳಿಗೆ ತಡವಾಗಿ ಹೊಳೆಯಿತು. ಮಾಸ್ಟರು ಕೈ ಇಳಿಸಿ, ಮುಷ್ಟಿ ಬಿಗಿದು, ಗಾಜಿಗೆ ಒತ್ತಿ ಹಿಡಿದರು. ಹಿಡಿದೇ ಇದ್ದರು.

ಅವಳು ಸಟ್ಟುಗ ಕೆಳಗಿಡಲಿಲ್ಲ. ಇನ್ನೂ ಇನ್ನೂರ ಮೂವತ್ತು ಗ್ರಾಂ ಇತ್ತು, ಅಳೆದಳು. ಡಬ್ಬದ ಮುಚ್ಚಳ ಬಿಗಿದಳು. ಚೀಟಿ ಬರೆದು ಅಂಟಿಸಿದಳು. ಆಮೇಲೆ ಬಾಗಿಲು ತೆರೆದು ಹೊರಗೆ ಬಂದು ಗೋಡೆಗೆ ಕಟ್ಟಿದ ಕಟ್ಟೆಯ ಮೇಲೆ ಕುಳಿತಳು. ಮಾತಾಡಲು ನೋಡಿದಳು, ಗಾಳಿ ಸಾಲಲಿಲ್ಲ.

"ಮನೆಗೆ ಹೇಳ್ಲಾ?" ಎಂದು ಮಾಸ್ಟರು ಕೇಳಿದರು. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಅವರು ಫೋನಿನ ದನಿಯನ್ನು ಜೋರು ಮಾಡಿ ಇಬ್ಬರ ನಡುವೆ ಹಿಡಿದರು.

"ಏನಾಯ್ತಂತೆ?" ಅತ್ತೆಯ ದನಿ.

"ಪಾಸಮ್ಮ. ಓದಿನಲ್ಲಿ ಮಾತ್ರ ಸರಿಯಾಗಿ ಮೂವತ್ತು."

"ಎಷ್ಟಕ್ಕೆ?"

"ಅರವತ್ತಕ್ಕೆ."

"ಅರ್ಧ ತಾನೇ? ಚೀಟಿ ಎತ್ತೀ ಎತ್ತೀ ನನ್ನ ಕೈ ಬಿದ್ದುಹೋಗಿದೆ. ಮಿಕ್ಕಿದ್ದರ್ಧ ಎಲ್ಲಿ ಹಾಕಿದಳು ಕೇಳಿ." ಮತ್ತೆ ಕೇಳಿದರು, ದನಿ ಬೇರೆಯಾಗಿತ್ತು. "ಅವಳು ಯಾಕೆ ಮಾತಾಡ್ತಿಲ್ಲ?"

ಚಾರ್ಟಕ್ಕ ನಗಲು ಹೋದಳು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಮಾಸ್ಟರು ಫೋನು ಹಿಡಿದೇ ನಿಂತಿದ್ದರು, ಆ ಕಡೆಯಿಂದ ಅತ್ತೆಯೂ ಇಡಲಿಲ್ಲ.

ಆಮೇಲೆ ಅವಳು ಎದ್ದಳು. ಏಪ್ರನ್ ಬಿಚ್ಚಿ, ಪುಡಿ ಏಳದಂತೆ ಒಳಮುಖವಾಗಿ ಮಡಚಿ, ತೂಕದ ಕೋಣೆಯ ಬಾಗಿಲ ಹಿಡಿಗೆ ಸಿಕ್ಕಿಸಿದಳು. ಮಾಲೀಕರ ಕೋಣೆಗೆ ನಲವತ್ತು ಹೆಜ್ಜೆ. ನಡುವೆ ಎರಡು ಕಡೆ ನಿಂತಳು.